ಹೆಸರಿಲ್ಲದ ಬಟನ್ನುಗಳು

ಮಾರ್ಚ್ ೪

ಪ್ರೀತಿಯ ಅಕ್ಕ,

ಇವತ್ತು ಆಫೀಸಿನಲ್ಲಿ ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಇಳಿಯುವುದಿಲ್ಲ. ನಿಮ್ಮ ಊರಿನ ವಸತಿ ಕಚೇರಿಯವರು ಕಡಿಮೆ ಬಾಡಿಗೆಗೆ ರೂಮು ಹಂಚುತ್ತಾರಲ್ಲ, ಅದಕ್ಕೆ ಅರ್ಜಿ ಹಾಕುವ ವೆಬ್‌ಸೈಟು ಮಾಡುವ ಕೆಲಸ ನಮ್ಮ ಕಂಪನಿಗೆ ಬಂದಿದೆ. ಕಣ್ಣು ಕಾಣದವರೂ ಬಳಸುವಂತಿರಬೇಕು ಎಂದು ಕರಾರಿನಲ್ಲೇ ಇದೆ. ಕೊನೆಗೂ ನಾನು ಬಲ್ಲ ಕೆಲಸ ಬಂತು ಎಂದು ಕುಣಿದಾಡುವುದೊಂದು ಬಾಕಿ.

ಸೆಂಟು ಸಾಹೇಬರು ಮೀಟಿಂಗ್ ಕರೆದರು. ನಮ್ಮ ಮ್ಯಾನೇಜರ್ ಅವರು. ಅವರಿಗಿಂತ ಮೊದಲು ಅವರ ಸೆಂಟು ಬಂದು ಕುರ್ಚಿಯಲ್ಲಿ ಕೂತಿರುತ್ತದೆ. "ನೋಡ್ರಪ್ಪ, ಗಾಲಿಕುರ್ಚಿ ಚಿತ್ರ ಇರೋ ಒಂದು ಬಟನ್ ಸಿಗತ್ತೆ. ಒಂದೇ ಸಾಲು ಕೋಡು. ಮೂಲೇಲಿ ಅಂಟಿಸಿಬಿಟ್ರೆ ಕುರುಡ್ರು, ಕುಂಟ್ರು, ಎಲ್ಲಾ ಒಂದೇ ಏಟಿಗೆ ಮುಗೀತು" ಎಂದರು.

"ಅದನ್ನ ಒತ್ತಿದ್ರೆ ಏನಾಗತ್ತೆ ಸಾರ್?"

"ಅಕ್ಷರ ದೊಡ್ಡದಾಗತ್ತೆ. ಹಳದಿ ಆಗತ್ತೆ."

"ಏನೂ ಕಾಣದೇ ಇರೋರಿಗೆ ಹಳದಿ ಆದ್ರೇನು, ಹಸಿರಾದ್ರೇನು ಸಾರ್?"

ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿದೆ ಎಂದುಕೊಂಡರು ಕಣೇ. ಆಮೇಲೆ ನಿನ್ನ ಓದುವಮ್ಮನನ್ನು, ಅದೇ ಪರದೆಯ ಮೇಲಿರುವುದನ್ನೆಲ್ಲ ದಿನವಿಡೀ ನಿನ್ನ ಕಿವಿಗೆ ಊದುವ ಆ ಹೆಂಗಸನ್ನು, ನನ್ನ ಕಂಪ್ಯೂಟರಿನಲ್ಲಿ ಕೂರಿಸಿ ಆ ಬಟನ್ ಒತ್ತಿ ನೋಡಿದೆ. ಅವಳು ಒಂದು ಹೇಳುತ್ತಾಳೆ, ಬಟನ್ನು ತನ್ನದೇ ದನಿ ತೆಗೆದು ಇನ್ನೊಂದು ಹೇಳುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಸವತಿಯರು.

ಅದಕ್ಕೇ ಒಂದು ನಿರ್ಧಾರ ಮಾಡಿದ್ದೇನೆ. ಭಾನುವಾರಗಳಲ್ಲಿ ಮನೆಯಲ್ಲೇ ಕೂತು ಇಡೀ ಸೈಟನ್ನು ನಾನೇ ಸರಿಯಾಗಿ ಕಟ್ಟುತ್ತೇನೆ. ಮಾಡಿ ತೋರಿಸಿದರೆ ಸಾಹೇಬರು ಬೇಡ ಎನ್ನಲಾರರು. ನಿನಗೆ ಮಾಡಿಕೊಟ್ಟ, ಮಾತಿನಲ್ಲೇ ಆಡುವ ಪದಬಂಧದ ಹಾಗೆಯೇ ಇದೂ ನನ್ನ ಸ್ವಂತದ ಕೆಲಸ ಎಂದುಕೊಂಡರಾಯಿತು. ಪದಬಂಧ ಆಡುತ್ತಿದ್ದೀಯಾ?

ನಿನ್ನ
ಜಿರಳೆ

ಮಾರ್ಚ್ ೯

ಜಿರಳೆರಾಯರಿಗೆ,

ಪದಬಂಧವನ್ನು ಬೆಳಿಗ್ಗೆ ಬಸ್ಸಿನಲ್ಲಿ ಆಡುತ್ತೇನೆ. ಪಕ್ಕದವರು ನಾನು ಒಬ್ಬಳೇ ಗೊಣಗುತ್ತಿದ್ದೇನೆಂದು ಜಾಗ ಬಿಟ್ಟು ಕೂರುತ್ತಾರೆ, ಆದ್ದರಿಂದ ಅದರಿಂದ ಎರಡು ಲಾಭ. ಆಸ್ಪತ್ರೆಯ ಟೆಲಿಫೋನಿನ ಮುಂದೆ ಕೂತ ಮೇಲೆ ಗೊಣಗುವುದಕ್ಕೂ ಬಿಡುವಿಲ್ಲ.

ನಿನ್ನ ಸೆಂಟು ಸಾಹೇಬರ ಮಾತು ಕೇಳಿ ನನಗೇನೂ ಆಶ್ಚರ್ಯವಾಗಲಿಲ್ಲ. ನಮಗಾಗಿ ಮಾಡಿದ್ದೇವೆ ಎನ್ನುವ ಬಹಳಷ್ಟು ಸಾಮಾನು ಹೀಗೆಯೇ, ಮೇಲೆ ಥಳಕು ಒಳಗೆ ಹುಳುಕು. ಆದರೆ ಈ ಸಲ ನಾನು ನಗುವ ಸ್ಥಿತಿಯಲ್ಲಿಲ್ಲ. ನಮ್ಮ ಹಾಸ್ಟೆಲನ್ನು ಕೆಡವುತ್ತಾರಂತೆ. ಜುಲೈ ಮುಗಿಯುವುದರೊಳಗೆ ನಾವೆಲ್ಲ ಖಾಲಿ ಮಾಡಬೇಕು. ಕಣ್ಣಿಲ್ಲದ ಒಂಟಿ ಹೆಂಗಸರಿಗೆ ಮನೆ ಬಾಡಿಗೆಗೆ ಕೇಳಲು ಹೋಗಿ ನೋಡು, ಗ್ಯಾಸು ಹಚ್ಚಿ ಮನೆ ಸುಡುತ್ತೀರಿ ಎಂದು ಬಾಗಿಲಲ್ಲೇ ಹೇಳುತ್ತಾರೆ. ವಸತಿ ಕಚೇರಿಯ ರೂಮೇ ನಮಗೆ ಗತಿ.

ಅಲ್ಲಿ ಕೌಂಟರಿನಲ್ಲಿ ಕಾಗದದ ಅರ್ಜಿಯನ್ನೂ ತೆಗೆದುಕೊಳ್ಳುತ್ತಾರೆ, ಏಪ್ರಿಲ್ ಕೊನೆಯವರೆಗೆ. ಆಮೇಲೆ ಎಲ್ಲ ನಿಮ್ಮ ಸೈಟಿನಲ್ಲೇ. ನನ್ನ ಪಕ್ಕದ ಮಂಚದವಳು, ಕುರ್ಚಿಗೆ ಬೆತ್ತ ಹೆಣೆಯುತ್ತಾಳಲ್ಲ, ಅವಳು ಆಗಲೇ ಒಂದು ದಿನ ಕೂಲಿ ಬಿಟ್ಟು ಕ್ಯೂ ನಿಲ್ಲುತ್ತೇನೆ ಎನ್ನುತ್ತಿದ್ದಾಳೆ. "ನಿಂತ್ಕೊಂಡ್ರೆ ಕಾಲು ನೋಯತ್ತೆ, ಅಷ್ಟೇ ತಾನೆ. ಕೆಲಸ ಆಗತ್ತಲ್ಲ" ಎಂದು ಅವಳ ವಾದ. ಸ್ವಲ್ಪ ತಡೆ ಎಂದಿದ್ದೇನೆ. ನೀನು ನಿಜವಾಗಿ ಮಾಡಿ ಮುಗಿಸುತ್ತೀಯಾ, ಇಲ್ಲ ಯಾರಾದರೂ ಗದರಿದರೆ ಮೊದಲಿನ ಹಾಗೆ ಮಂಚದ ಕೆಳಗೆ ಸೇರುತ್ತೀಯಾ, ಅದನ್ನು ಹೇಳು.

ಅಕ್ಕ

ಏಪ್ರಿಲ್ ೧೨

ಅಕ್ಕ,

ಮುಗಿಸಿದೆ! ಕೆಳಗಿರುವ ಕೊಂಡಿಯಲ್ಲಿ ಇದೆ. ಸಾಹೇಬರಿಗೆ ತೋರಿಸಿದೆ. ಕಣ್ಣು ಮುಚ್ಚಿಸಿ, ಮೌಸು ಕಿತ್ತುಕೊಂಡು, ಬರೀ ಕೀಲಿಮಣೆಯಲ್ಲಿ ಅರ್ಜಿ ತುಂಬಿಸಿದೆ. "ವಾರೆವ್ಹಾ, ಇದನ್ನೇ ಹಾಕ್ಬಿಡೋಣ" ಎಂದರು. ನನ್ನ ಭುಜ ತಟ್ಟಿದರು. ಆ ಅಂಗಿಯ ವಾಸನೆ ಎರಡು ಒಗೆತಕ್ಕೂ ಹೋಗಿಲ್ಲ, ಆದರೂ ಇರಲಿ.

ಒಂದೇ ಕೋರಿಕೆ. ನೀನು ಪರೀಕ್ಷೆ ಮಾಡಿ, ಸರಿಯೆನಿಸಿದರೆ ನಿನ್ನ ಹೆಸರಿನಲ್ಲಿ ಒಂದೆರಡು ವಾಕ್ಯ ಬರೆದುಕೊಡಬೇಕಂತೆ. ಮೊದಲ ಪುಟದಲ್ಲಿ ಹಾಕುತ್ತಾರೆ. ನನ್ನಕ್ಕ ಎಂದು ಮುಲಾಜು ನೋಡಬೇಡ.

ಜಿರಳೆ

ಏಪ್ರಿಲ್ ೧೬

ಪುಟ್ಟಾ,

ಇವತ್ತು ಜಿರಳೆ ಎನ್ನಲು ಮನಸ್ಸಿಲ್ಲ.

ನಿನ್ನ ಸೈಟಿನಲ್ಲಿ ಎಷ್ಟು ಹೊತ್ತು ಕೂತಿದ್ದೆ ಗೊತ್ತೇ? ತಪ್ಪು ಹುಡುಕಲೆಂದೇ ಕೂತಿದ್ದೆ. ಪ್ರತಿ ಖಾನೆಯೂ ತಾನು ಯಾರೆಂದು ಹೇಳುತ್ತದೆ: ಹೆಸರು, ಬರೆಯುವ ಜಾಗ, ಕಡ್ಡಾಯ. ಬೇಕೆಂದೇ ಫೋನ್ ನಂಬರ್ ತಪ್ಪು ಹಾಕಿದೆ. ಎಲ್ಲಿ ತಪ್ಪಿದೆ ಎಂದು ಹೇಳಿ, ನನ್ನನ್ನು ಅಲ್ಲಿಗೇ ಕರೆದೊಯ್ದು ಬಿಟ್ಟಿತು. ಬೇಕೆಂದೇ ಸುಮ್ಮನೆ ಕೂತೆ. ಇನ್ನಷ್ಟು ಸಮಯ ಬೇಕೇ ಎಂದು ಕೇಳಿತು. ರಸ್ತೆ ದಾಟಿಸುತ್ತೇವೆಂದು ತೋಳು ಹಿಡಿದು ದರದರ ಎಳೆಯುತ್ತಾರಲ್ಲ, ಹಾಗಲ್ಲದೆ ಯಾರೋ ಪಕ್ಕದಲ್ಲಿ ಸುಮ್ಮನೆ ನಡೆದಂತಿತ್ತು. ನನಗೆ ಅಳು ಬಂತು, ಹೇಳಿಬಿಡುತ್ತೇನೆ.

ಬರೆದುಕೋ: "ಈ ಸೈಟನ್ನು ನಾನೇ ಬಳಸಿ ನೋಡಿದ್ದೇನೆ. ಕಣ್ಣು ಕಾಣದವರು ಯಾರ ಹಂಗೂ ಇಲ್ಲದೆ ತಮ್ಮ ಅರ್ಜಿಯನ್ನು ತಾವೇ ಹಾಕಬಹುದು." ಕೆಳಗೆ ನನ್ನ ಹೆಸರು ಹಾಕು, ದಪ್ಪಕ್ಷರದಲ್ಲಿ.

ಹಾಸ್ಟೆಲಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ಕೌಂಟರಿನ ಕ್ಯೂ ಬೇಡ, ಕೂಲಿ ಕಳೆದುಕೊಳ್ಳುವುದು ಬೇಡ, ನನ್ನ ತಮ್ಮ ಮಾಡಿದ್ದಾನೆ, ನಾನೇ ಪರೀಕ್ಷಿಸಿದ್ದೇನೆ ಎಂದೆ. ಬೆತ್ತದವಳು ಮಾತ್ರ, "ನಿನ್ನ ಮಾತಿನ ಮೇಲೆ ಬಿಡ್ತಿದೀನಿ ನೋಡು" ಎಂದಳು. ಬಿಡೇ ಮಾರಾಯ್ತಿ ಎಂದೆ.

ಅಕ್ಕ

ಮೇ ೩

ಅಕ್ಕ,

ಕೆಲಸ ತುಂಬ ಇದೆ, ಬರೆಯಲು ಆಗಲಿಲ್ಲ. ನಿನ್ನ ಹುಟ್ಟಿದ ತಾರೀಖು, ಗುರುತಿನ ಚೀಟಿಯ ನಂಬರ್ ಕಳಿಸು. ಆಫೀಸಿನಲ್ಲಿ ಒಂದಕ್ಕೆ ಬೇಕು. ನಿನ್ನ ಗೆಳತಿಯರು ಯಾವುದಕ್ಕೂ ಇರಲಿ ಎಂದು ಕೌಂಟರಿನಲ್ಲೂ ಒಂದು ಅರ್ಜಿ ಹಾಕಿಟ್ಟರೆ ತಪ್ಪೇನಿಲ್ಲ.

ನಿನ್ನ ತಮ್ಮ

ಮೇ ೫

ಕೌಂಟರು ಏಪ್ರಿಲ್ ಕೊನೆಗೇ ಮುಚ್ಚಿತಲ್ಲೋ. ನಿನಗೆ ಮಾರ್ಚಿನಲ್ಲೇ ಬರೆದಿದ್ದೆ. ಈಗೇಕೆ ಆ ಮಾತು? ಪತ್ರವೂ ಒಣಗಿದ ಹಾಗಿದೆ. ಹುಷಾರಿಲ್ಲವೇ? ನೀನು ಕೇಳಿದ ವಿವರ ಕೆಳಗಿದೆ. ನನ್ನ ಹೆಸರು ಹಾಕುವುದಕ್ಕೆ ಇಷ್ಟೆಲ್ಲ ದಾಖಲೆ ಕೇಳುತ್ತಾರೆಯೇ ನಿಮ್ಮ ಆಫೀಸಿನವರು! ನಾನೇನು ಅಷ್ಟು ದೊಡ್ಡ ಮನುಷ್ಯಳೇ?

ಅಕ್ಕ

ಮೇ ೨೦

ಲೋ,

ಸೈಟು ಶುರುವಾಗಿದೆ. ಇದು ಆ ಸೈಟಲ್ಲ. ಏನೋ ಎಡವಟ್ಟಾಗಿದೆ, ಬೇರೆ ಯಾವುದನ್ನೋ ಹಾಕಿಬಿಟ್ಟಿದ್ದಾರೆ, ಬೇಗ ನೋಡು.

ಓದುವಮ್ಮ ಏನು ಹೇಳುತ್ತಾಳೆ ಗೊತ್ತೇ? ಬಟನ್. ಬಟನ್. ಬಟನ್. ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಯಾವ ಬಟನ್ನಿಗೂ ಹೆಸರಿಲ್ಲ. ಒಂದು ಚಿತ್ರದ ಬಳಿ ಬಂದು "ಇಮೇಜ್ ಫೈನಲ್ ಹೊಸದು ಎರಡು" ಎಂದು ಅದರ ಫೈಲಿನ ಹೆಸರನ್ನೇ ಓದಿದಳು. ಆ ಗಾಲಿಕುರ್ಚಿಯ ಬಟನ್ನೂ ಇದೆ, ಒತ್ತಿದರೆ ನೀನು ಹೇಳಿದ ಸವತಿಯರ ಜಗಳ. ಹೇಗೋ ಕೊನೆಯವರೆಗೆ ತೆವಳಿಕೊಂಡು ಹೋದರೆ, "ನೀವು ಯಂತ್ರವಲ್ಲವೆಂದು ಸಾಬೀತುಪಡಿಸಿ. ಮೆಟ್ಟಿಲುಗಳಿರುವ ಚಿತ್ರಗಳನ್ನು ಆರಿಸಿ." ಬೆತ್ತದವಳು ಕೇಳಿದಳು: "ಚಿತ್ರ ಕಾಣಲ್ಲ, ಮೆಟ್ಟಿಲು ಹತ್ತಿ ತೋರಿಸ್ತೀನಿ, ಆಗತ್ತಾ?" ನಾವು ನಗುತ್ತಿರುವಾಗಲೇ ಸಮಯ ಮುಗಿಯಿತೆಂದು ಎಲ್ಲವನ್ನೂ ಅಳಿಸಿಹಾಕಿತು.

ಆ ಇಡೀ ಪುಟದಲ್ಲಿ ಓದುವಮ್ಮ ತೊದಲದೆ, ತಪ್ಪಿಲ್ಲದೆ ಓದುವುದು ಒಂದೇ ಒಂದು ಕಡೆ. ನನ್ನ ಎರಡು ವಾಕ್ಯ, ಕೆಳಗೆ ನನ್ನ ಹೆಸರು.

ಇಬ್ಬರು ತಮ್ಮ ಫೋನು, ಗುರುತಿನ ಚೀಟಿ ಎಲ್ಲವನ್ನೂ ಬೀದಿಯ ಜೆರಾಕ್ಸ್ ಅಂಗಡಿಯವನ ಕೈಗೆ ಕೊಟ್ಟು ಅರ್ಜಿ ಹಾಕಿಸುತ್ತೇವೆ ಎಂದರು. ಹಾಗೆ ಕಂಡವರ ಕೈಗೆ ಕೊಡಬೇಡಿ, ನನ್ನ ತಮ್ಮ ಸರಿ ಮಾಡುತ್ತಾನೆ, ಕಾಯಿರಿ ಎಂದು ತಡೆದಿದ್ದೇನೆ. ಈ ತಿಂಗಳ ಕೊನೆಗೆ ಅರ್ಜಿಯ ಬಾಗಿಲು ಮುಚ್ಚುತ್ತದೆ. ಇದನ್ನು ಓದಿದ ತಕ್ಷಣ ಉತ್ತರ ಬರೆ. ಫೋನು ಮಾಡಿದರೆ ಏಕೆ ತೆಗೆಯುತ್ತಿಲ್ಲ?

ಅಕ್ಕ

ಜೂನ್ ೬

ನನಗೆ ರೂಮು ಮಂಜೂರಾಗಿದೆಯಂತೆ. ನೆಲಮಹಡಿ, ಗಾಳಿ ಬೆಳಕು ಚೆನ್ನಾಗಿದೆಯಂತೆ. ಬೆಳಕು!

ನಾನು ಅರ್ಜಿಯನ್ನೇ ಹಾಕಿರಲಿಲ್ಲ. ಎಷ್ಟು ಸಲ ಕೂತರೂ ಆಗಲಿಲ್ಲ. ಹಾಸ್ಟೆಲಿನಲ್ಲಿ ಇನ್ನು ಯಾರಿಗೂ ಸಿಕ್ಕಿಲ್ಲ. ಒಬ್ಬರಿಗೂ ಇಲ್ಲ. ಸಂದೇಶವನ್ನು ಓದುವಮ್ಮ ಗಟ್ಟಿಯಾಗಿ ಓದಿದಾಗ ಪಕ್ಕದ ಮಂಚದ ಮೇಲೆ ಬೆತ್ತದವಳು ಕೂತಿದ್ದಳು. ಅವಳ ಕೈಯ ಸದ್ದು ನಿಂತಿತು. ಬಯ್ಯಲಿಲ್ಲ. "ಒಳ್ಳೇದಾಯ್ತು ಬಿಡಕ್ಕ" ಎಂದಳು, ಎದ್ದು ಹೋದಳು. ಅವತ್ತಿನಿಂದ ನನ್ನೊಡನೆ ಮಾತಿಲ್ಲ. ಊಟದ ಮನೆಗೆ ನಾನು ಹೋದರೆ ಬೆಂಚು ಸರಿದ ಸದ್ದು ಕೇಳುತ್ತದೆ.

ಹುಟ್ಟಿದ ತಾರೀಖು, ಗುರುತಿನ ನಂಬರ್. ಆಫೀಸಿನಲ್ಲಿ ಒಂದಕ್ಕೆ ಬೇಕು! ಈಗ ಅರ್ಥವಾಯಿತು ಯಾವುದಕ್ಕೆ ಬೇಕಾಗಿತ್ತೆಂದು. ಅಂದರೆ ಮೇ ಮೂರರಂದೇ ನಿನಗೆ ಗೊತ್ತಿತ್ತು, ನೀನು ಕಟ್ಟಿದ್ದನ್ನು ಹಾಕುವುದಿಲ್ಲ ಎಂದು. ನನ್ನ ಹೆಸರನ್ನು ಹೊಲಸಿನ ಮೇಲೆ ಅಂಟಿಸುತ್ತಾರೆ ಎಂದೂ ಗೊತ್ತಿತ್ತು. ಕಣ್ಣಿಗೆ ಮಣ್ಣೆರಚುವುದು ಎನ್ನುತ್ತಾರೆ, ಕಣ್ಣೇ ಇಲ್ಲದವಳಿಗೂ ಎರಚಿದೆಯಲ್ಲೋ ನೀನು. ಆ ಸೆಂಟಿನವನು ನನಗೆ ಏನೂ ಅಲ್ಲ, ಅವನ ಮೇಲೆ ಬರೀ ಸಿಟ್ಟು ಬರುತ್ತದೆ. ನಿನ್ನನ್ನು ನೆನೆದರೆ ಹೇಸಿಗೆಯಾಗುತ್ತದೆ. ಥೂ.

ಜೂನ್ ೮

ಅಕ್ಕ,

ನಿನ್ನ ಪತ್ರ ಓದಿ ಆಫೀಸಿನ ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡು ಕೂತೆ. ನಿನ್ನ ಮಾತಿಗಲ್ಲ, ಅದು ನಿಜವಾಗಿದ್ದಕ್ಕೆ.

ನಡೆದದ್ದು ಇಷ್ಟು. ಏಪ್ರಿಲ್ ಕೊನೆಯಲ್ಲಿ ಸಾಹೇಬರು, "ನಿನ್ನದು ಚೆನ್ನಾಗಿದೆ, ಆದ್ರೆ ಆ ಬಣ್ಣ, ಆ ಕುಣಿಯೋ ಚಿತ್ರ ಇಲ್ದೆ ಸೈಟು ಬೋಳುಬೋಳು ಕಾಣತ್ತೆ. ದೊಡ್ಡೋರಿಗೆ ಇಷ್ಟ ಆಗ್ಲಿಲ್ಲ. ಮುಂದಿನ ಸಲ ನೋಡೋಣ" ಎಂದರು. ಹಾಗಾದರೆ ನಮ್ಮಕ್ಕನ ಹೆಸರು ತೆಗೆಯಿರಿ ಎಂದೆ. "ಆಯಮ್ಮ ಒಪ್ಪಿ ಕೊಟ್ಟಿದ್ದಲ್ವೇನಯ್ಯಾ" ಎಂದು ಹಲ್ಲು ಕಿರಿದರು. ನಾನು ನನ್ನ ಕುರ್ಚಿಗೆ ಹೋಗಿ ಕೂತೆ.

ನಿನಗೆ ಬರೆಯಬೇಕೆಂದು ಎಷ್ಟು ಸಲ ಕೂತೆ. ಅಳು ಬಂತು ಎಂದು ಬರೆದಿದ್ದೆಯಲ್ಲ, ಅದನ್ನು ಹೇಗೆ ಹಿಂದೆ ತೆಗೆದುಕೊಳ್ಳಲಿ? ನಿನಗೊಂದು ರೂಮಾದರೂ ಸಿಕ್ಕಿಬಿಡಲಿ, ಉಳಿದದ್ದು ಆಮೇಲೆ ನೋಡೋಣ ಎಂದು ನಾನೇ ಅರ್ಜಿ ಹಾಕಿದೆ. ಮೆಟ್ಟಿಲಿನ ಚಿತ್ರಗಳನ್ನೂ ನಾನೇ ಆರಿಸಿದೆ. ಅಕ್ಕನಿಗೆ ಒಳ್ಳೆಯದಾಗಲಿ ಎಂದುಕೊಂಡದ್ದು ತಪ್ಪೇ? ನಿನ್ನ ಗೆಳತಿಯರಿಗೆ ಕೌಂಟರಿನ ಸುಳಿವು ಕೊಟ್ಟೆನಲ್ಲ ಎಂದು ಸಮಾಧಾನ ಮಾಡಿಕೊಂಡೆ, ಅದು ಮುಚ್ಚಿದ್ದು ನನಗೆ ನೆನಪೇ ಇರಲಿಲ್ಲ. ದಯವಿಟ್ಟು ರೂಮು ಬಿಡಬೇಡ.

ನಿನ್ನ ತಮ್ಮ

ಜೂನ್ ೧೫

ಅಕ್ಕ,

ನೀನು ಉತ್ತರ ಬರೆಯಲಿಲ್ಲ. ಆದರೂ ಇದನ್ನು ಹೇಳಲೇಬೇಕು.

ನಮ್ಮ ಸೈಟಿಗೆ ಪ್ರಶಸ್ತಿಯಂತೆ. ನಿಮ್ಮ ಊರಿನ ವಸತಿ ಕಚೇರಿಯ ಸಭಾಂಗಣದಲ್ಲೇ ಇಪ್ಪತ್ತರಂದು ಸಮಾರಂಭ. ಸೈಟಿನ ಮೂಲಕ ರೂಮು ಪಡೆದ ಮೊದಲ ಅಂಧ ಮಹಿಳೆ ಎಂದು ನಿನ್ನನ್ನು ವೇದಿಕೆಗೆ ಕರೆಯುತ್ತಾರೆ. ನಿನಗೆ ಆಗಲೇ ಫೋನು ಬಂದಿರಬಹುದು. ಎಲ್ಲರೆದುರು ನೀನೇ ಒಂದು ಅರ್ಜಿ ತುಂಬಿ ತೋರಿಸಬೇಕು. ಓದುವಮ್ಮನ ದನಿ ಸಭೆಗೆಲ್ಲ ಕೇಳುವಂತೆ ಸ್ಪೀಕರು ಹಾಕುತ್ತಾರೆ.

ಕಂಪ್ಯೂಟರು ನೋಡಿಕೊಳ್ಳುವುದು ನಾನೇ. ಸಾಹೇಬರು ಬಾಗಿಲು ಹಾಕಿಕೊಂಡು ಹೇಳಿದರು: "ಮನೇಲಿ ಮಾಡಿದ್ದೆಯಲ್ಲ, ಅದನ್ನ ಹಾಕಿಡು. ನಿಮ್ಮಕ್ಕ ಸಲೀಸಾಗಿ ಮುಗಿಸ್ತಾರೆ. ಯಾರಿಗ್ ಗೊತ್ತಾಗತ್ತೆ?" ಒಂದು ಕ್ಷಣ ನಾನೂ ಯೋಚಿಸಿದೆ. ಎಲ್ಲರೂ ನಿನ್ನನ್ನು ಮೆಚ್ಚುತ್ತಾರೆ, ನಿನ್ನ ಹೆಸರು ಉಳಿಯುತ್ತದೆ, ರೂಮೂ ಉಳಿಯುತ್ತದೆ, ನನ್ನ ಕೆಲಸವೂ. ನಾನು ಕಟ್ಟಿದ್ದು ಒಂದು ದಿನವಾದರೂ ಜನರ ಮುಂದೆ ಓಡುತ್ತದೆ. ನೀನು ಏನು ಹೇಳುತ್ತೀ?

ನಿನ್ನ ತಮ್ಮ

ಜೂನ್ ೧೬

ಬರುತ್ತೇನೆಂದು ಅವರಿಗೆ ಹೇಳಿದ್ದೇನೆ. ಯಾವುದನ್ನು ಹಾಕುತ್ತೀ ಎನ್ನುವುದು ನಿನಗೆ ಬಿಟ್ಟಿದ್ದು. ನನಗೆ ಕೇಳಿಸುತ್ತದೆ.

ಜೂನ್ ೨೩

ಅಕ್ಕ,

ನನ್ನನ್ನು ಕೆಲಸದಿಂದ ತೆಗೆದರು. ಸಭಾಂಗಣದಿಂದ ನಾನು ಹಿಂಬಾಗಿಲಿನಲ್ಲೇ ಹೊರಟುಬಿಟ್ಟೆ, ನಿನ್ನ ಎದುರು ಬರಲು ಧೈರ್ಯ ಸಾಲಲಿಲ್ಲ. ನಿಮಗೆಲ್ಲ ಕೊಟ್ಟಿರುವ ಅಸಲಿ ಸೈಟನ್ನೇ ಹಾಕಿದ್ದೆ, ನಾನು ಕಟ್ಟಿದ್ದನ್ನಲ್ಲ. ನಿನಗೆ ಕೇಳಿಸಿರಬೇಕು.

ಹೊಸದಾಗಿ ಕೆಲವು ರೂಮು ಸಿದ್ಧವಾಗಿರುವುದರಿಂದ ಎರಡನೇ ಸುತ್ತು ಇದೆಯೆಂದು ಕೇಳಿದೆ. ಈಗ ನನಗೆ ಬೇಕಾದಷ್ಟು ಸಮಯವಿದೆ. ನಿಮ್ಮ ಹಾಸ್ಟೆಲಿನ ಎಲ್ಲರ ಹುಟ್ಟಿದ ತಾರೀಖು, ಗುರುತಿನ ನಂಬರ್ ಕಳಿಸಿಬಿಡು. ಎಲ್ಲರ ಅರ್ಜಿಯನ್ನೂ ನಾನೇ ಇಲ್ಲಿಂದ ತುಂಬುತ್ತೇನೆ. ಬೆತ್ತದವರದ್ದನ್ನೇ ಮೊದಲು.

ನಿನ್ನ ತಮ್ಮ

ಜೂನ್ ೨೫

ತಮ್ಮಾ,

ಕೇಳಿಸಿತು. ಮೊದಲ ಬಟನ್ನಿಗೇ ಕೇಳಿಸಿತು. ನನ್ನ ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ ಅದೂ ಸ್ಪೀಕರಿನಲ್ಲಿ ಬರುತ್ತದೇನೋ ಎನ್ನಿಸಿತು.

ನೀನು ಹಿಂಬಾಗಿಲಿನಲ್ಲಿ ಓಡಿಹೋದದ್ದರಿಂದ ಆಮೇಲಿನದು ನಿನಗೆ ಗೊತ್ತಿಲ್ಲ. ಮೊದಮೊದಲು ಓದುವಮ್ಮ ಬಟನ್ ಬಟನ್ ಎಂದಾಗ ಸಭೆಯಲ್ಲಿ ನಗು. ಆಮೇಲೆ ಕೆಮ್ಮು. ಸೆಂಟಿನವನು ಹತ್ತಿರ ಬಂದು ಕಿವಿಯಲ್ಲಿ, "ಮೇಡಂ, ಸಾಕು ಬಿಡಿ, ಎಲ್ರಿಗೂ ಅರ್ಥ ಆಗಿದೆ" ಎಂದ. ಮೂಗು ಕಟ್ಟಿಹೋಗುವಷ್ಟು ವಾಸನೆ. "ನಂಗೆ ಇನ್ನೂ ಅರ್ಥ ಆಗಿಲ್ಲ ಸ್ವಾಮಿ, ಹುಡುಕ್ತಿದೀನಿ" ಎಂದೆ. ಮೈಕು ನನ್ನ ಮುಂದೆಯೇ ಇತ್ತು. ನಾನು ಯಂತ್ರವಲ್ಲವೆಂದು ಸಾಬೀತುಪಡಿಸಬೇಕೆಂದು ಓದುವಮ್ಮ ಇಡೀ ಸಭಾಂಗಣಕ್ಕೆ ಕೇಳುವಂತೆ ಹೇಳಿದಳು. ನಾನು ಕೈಕಟ್ಟಿ ಕೂತೆ. ಸಮಯ ಮುಗಿಯಿತೆಂದು ಸೈಟು ಎಲ್ಲವನ್ನೂ ಅಳಿಸುವವರೆಗೂ ಹಾಗೇ ಕೂತಿದ್ದೆ.

ಆಮೇಲೆ ಏನು ಮಾಡಿದರು ಗೊತ್ತೇ? ಚಪ್ಪಾಳೆ ತಟ್ಟಿದರು. ಎದ್ದು ನಿಂತು ತಟ್ಟಿದರು ಕಣೋ! ಯಾರೋ ಒಬ್ಬ ಹಿರಿಯರು ಗದ್ಗದಿತರಾಗಿ, "ಎಂಥಾ ಛಲ ಈ ತಾಯಿದು" ಎಂದರು. ನನ್ನ ಕೈಗೊಂದು ಹೂಗುಚ್ಛ ತುರುಕಿದರು. ಪ್ಲಾಸ್ಟಿಕ್ಕಿನ ಹೂವು. ಅಷ್ಟು ಅಸಹ್ಯ ನನಗೆ ಬದುಕಿನಲ್ಲಿ ಯಾವತ್ತೂ ಆಗಿರಲಿಲ್ಲ. ಉಗಿದಿದ್ದರೆ ಒರೆಸಿಕೊಳ್ಳಬಹುದಿತ್ತು, ಈ ಚಪ್ಪಾಳೆಯನ್ನು ಯಾವುದರಲ್ಲಿ ಒರೆಸಿಕೊಳ್ಳಲಿ? ಹೂವನ್ನು ಮೇಜಿನ ಮೇಲಿಟ್ಟು, ರೂಮು ನನ್ನ ಅರ್ಜಿಯಿಂದ ಬಂದದ್ದಲ್ಲ, ನನಗೆ ಬೇಡ, ನನ್ನ ಹೆಸರನ್ನೂ ತೆಗೆಯಿರಿ ಎಂದು ಮೈಕಿನಲ್ಲೇ ಹೇಳಿ ಇಳಿದುಬಂದೆ.

ಮರುದಿನವೇ ನನ್ನ ಹೆಸರು ತೆಗೆದರು. ಎಷ್ಟು ಬೇಗ ನೋಡು, ಮನಸ್ಸು ಮಾಡಿದರೆ! ಬಟನ್ನುಗಳು ಹಾಗೆಯೇ ಇವೆ. ನನ್ನ ರೂಮನ್ನು ಪಟ್ಟಿಯಲ್ಲಿ ಮುಂದಿನವರಿಗೆ ಕೊಟ್ಟರಂತೆ. ನಮ್ಮಲ್ಲಿ ಯಾರ ಹೆಸರೂ ಆ ಪಟ್ಟಿಯಲ್ಲಿ ಇರುವ ಹಾಗೇ ಇಲ್ಲವಲ್ಲ.

ಬೆತ್ತದವಳು ಅವತ್ತು ಸಭೆಯ ಕೊನೆಯ ಸಾಲಿನಲ್ಲಿ ಬಂದು ಕೂತಿದ್ದಳಂತೆ, ನನಗೆ ಗೊತ್ತೇ ಇರಲಿಲ್ಲ. ಸಂಜೆ ನನ್ನ ಮಂಚದ ಮೇಲೆ ಬಂದು ಕೂತು, "ನೀನು ಎಲ್ರ ಮುಂದೆ ಹುಡುಕ್ದೆ. ನಾನು ಒಬ್ಳೇ ಕೂತು ಹುಡುಕ್ತಿದ್ದೆ, ನಂಗೇ ಬುದ್ಧಿ ಸಾಲ್ದು ಅಂದ್ಕೊಂಡು" ಎಂದಳು. ಅವಳ ಕೈ ಹಿಡಿದುಕೊಂಡೆ. ಬೆತ್ತ ಎಳೆದೆಳೆದು ಒರಟಾದ ಕೈ.

ಈಗ ನಿನ್ನ ಪತ್ರಕ್ಕೆ ಬರುತ್ತೇನೆ. ಎಲ್ಲರ ನಂಬರ್ ಕಳಿಸಬೇಕಂತೆ, ನೀನೇ ತುಂಬುತ್ತೀಯಂತೆ. ಇಷ್ಟಾದ ಮೇಲೂ ನಿನಗೆ ಬುದ್ಧಿ ಬರಲಿಲ್ಲವಲ್ಲ. ನಾವು ಕೈಲಾಗದವರಲ್ಲ ಕಣೋ. ನಮ್ಮ ಕೈಗೆ ಸಿಗದ ಹಾಗೆ ಇಟ್ಟವರು ನೀವು.

ಎರಡನೇ ಸುತ್ತಿಗೆ ಕಾಗದದ ಅರ್ಜಿ ತೆಗೆದುಕೊಳ್ಳಲೇಬೇಕೆಂದು ಹೋಗಿ ಜಗಳ ಮಾಡಿ ಬಂದಿದ್ದೇವೆ. ಸೋಮವಾರ ಕೌಂಟರು ತೆರೆಯುತ್ತದೆ. ಹಾಸ್ಟೆಲಿನವರೆಲ್ಲ ಹೋಗುತ್ತಿದ್ದೇವೆ. ಎಷ್ಟು ಹೊತ್ತಾಗುತ್ತದೋ, ರೂಮು ಸಿಗುತ್ತದೋ ಇಲ್ಲವೋ, ಯಾರಿಗೆ ಗೊತ್ತು.

ನೀನೂ ಬಾ. ಯಾರ ಅರ್ಜಿಯನ್ನೂ ಮುಟ್ಟಬೇಡ. ಸುಮ್ಮನೆ ನಮ್ಮ ಹಿಂದೆ ಸಾಲಿನಲ್ಲಿ ನಿಲ್ಲು.

ಅಕ್ಕ